ಕಣ್ಣು ನನ್ನದು, ಕೈ ನಿನ್ನದು

ಜನವರಿ ೧೧

ಮಾವನಿಗೆ ನಮಸ್ಕಾರ.

ಬಂದು ಒಂಬತ್ತು ದಿನವಾಯಿತು. ನೀವು ಫೋನು ಎತ್ತುವವರಲ್ಲ. ಎತ್ತಿದರೂ ಕಿವಿ ಕಿತ್ತುಹೋಗುವ ಹಾಗೆ ಕೂಗಿ ಇಟ್ಟುಬಿಡುತ್ತೀರಿ. ಬಣ್ಣದ ವಿಚಾರ ಹೇಗೂ ಫೋನಿನಲ್ಲಿ ಮುಗಿಯುವುದಲ್ಲ, ಅದಕ್ಕೇ ಕಾಗದ.

ಗೋಡೆ ಚೆನ್ನಾಗಿದೆ. ಆಸ್ಪತ್ರೆಯಲ್ಲಿ ರೋಗಿಗಳು ಸರದಿ ಕಾಯುವ ಹಜಾರದ ಉದ್ದಗೋಡೆ. ಅರವತ್ತು ಅಡಿ ಉದ್ದ, ಇಪ್ಪತ್ತೆರಡು ಅಡಿ ಎತ್ತರ. ಗಾರೆ ಗಟ್ಟಿ, ಎಲ್ಲೂ ತೇವವಿಲ್ಲ. ನಿಮ್ಮ ಮೂವತ್ತು ಅಂಗುಲದ ಚಿತ್ರವನ್ನು ಅಂಗುಲಕ್ಕೆ ಎರಡಡಿಯಂತೆ ಚೌಕ ಹಾಕಿ ಗೋಡೆಗೆ ಏರಿಸಿದ್ದೇನೆ. ಹೊಳೆ ದಾಟುವ ಜನರೆಲ್ಲ ತಂತಮ್ಮ ಚೌಕದಲ್ಲಿ ಬಂದು ನಿಂತಿದ್ದಾರೆ. ನೀವಿದ್ದಿದ್ದರೆ ಎರಡು ದಿನ ಮೊದಲೇ ಮುಗಿಯುತ್ತಿತ್ತು, ಬೈಗುಳವೂ ಸೇರಿ. ಆ ಮಂಡಿ ಇಟ್ಟುಕೊಂಡು ಸಾರುವೆ ಹತ್ತುವ ಹಾಗಿಲ್ಲವಲ್ಲ, ಏನು ಮಾಡುವುದು.

ಒಂದು ತೊಡಕಿದೆ. ನಡುವೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹೆಂಗಸಿದ್ದಾಳಲ್ಲ, ಅವಳ ತಲೆ ಗೋಡೆಯ ತುದಿಯ ಹತ್ತಿರಕ್ಕೆ ಬರುತ್ತದೆ. ಕಾಗದದ ಮೇಲೆ ಸರಿಯಾಗಿರುವ ಮುಖ, ಕೆಳಗೆ ಬೆಂಚಿನ ಮೇಲೆ ಕೂತು ನೋಡಿದರೆ ಬರೀ ಗಲ್ಲ, ಹಣೆಯೇ ಇಲ್ಲ. ಮೇಲಕ್ಕೆ ಒಂದು ಗೇಣು ಎಳೆಯಲೇ?

ಹೊಳೆಯ ನೀಲಿಗೆ ಮೂರು ಮಾದರಿ ಚೀಟಿ ಇಟ್ಟಿದ್ದೇನೆ. ನನಗೆ ಎರಡನೆಯದು ಒಪ್ಪಿಗೆ. ಅತ್ತೆಯ ಕೆಮ್ಮು ಹೇಗಿದೆ?

ನಿಮ್ಮ ಇರುವೆ


ಜನವರಿ ೧೯

ಇರುವೆ,

ತಲೆ ಮುಟ್ಟಬೇಡ. ನಲವತ್ತು ವರ್ಷ ಗೋಡೆಯ ಮೇಲೆ ಬದುಕಿದವನಿಗೆ ಗಲ್ಲ ಯಾವುದು ಹಣೆ ಯಾವುದು ಎಂದು ಹೇಳಿಕೊಡಲು ಬಂದೆಯಾ? ನಿನ್ನ ಅಮ್ಮ ಕಣ್ಣುಮುಚ್ಚುವಾಗ ನಿನ್ನನ್ನು ನನ್ನ ಕೈಗೆ ಹಾಕಿದಳು. ಆಗ ನಿನಗೆ ಏಳು ವರ್ಷ. ಸಾರುವೆಯ ತುದಿಗೆ ಹತ್ತಿ ಕೂತವಳನ್ನು ಕೆಳಗಿನಿಂದ ನೋಡಿ ನನ್ನ ತಂಗಿಯ ಮಗಳು ಇರುವೆ ಎಂದೆ. ಈಗ ಇರುವೆಗೆ ರೆಕ್ಕೆ ಬಂದಿದೆ.

ಚೀಟಿ ನೋಡಿದೆ. ಇವು ನೀಲಿಯೇ? ಹೊಳೆ ಕೇಳಿದರೆ ಕೊಚ್ಚೆ ಕಳಿಸಿದ್ದೀಯೆ. ಎರಡು ಮತ್ತು ಮೂರು ಒಂದೇ ಬಣ್ಣ, ಎರಡು ಚೀಟಿ ದಂಡ ಮಾಡಿದ್ದು ಯಾಕೆ? ಈಗ ಬರುವ ಡಬ್ಬಿಗಳೇ ಹಾಗೆ. ಬಣ್ಣದ ಜೊತೆ ಬೂದಿ ತುಂಬಿ ಮಾರುತ್ತಾರೆ.

ಮಗುವಿನ ಕೆಂಪಂಗಿ ನನ್ನ ಚಿತ್ರದಲ್ಲಿ ಹೆಬ್ಬೆರಳ ಉಗುರಿನಷ್ಟಿದೆ. ಗೋಡೆಯ ಮೇಲೂ ಅಂಗುಲಕ್ಕೆ ಎರಡಡಿಯ ಲೆಕ್ಕಕ್ಕೇ ಬರಬೇಕು, ಒಂದೆಳೆ ಹೆಚ್ಚಾಗಬಾರದು. ಇಡೀ ಗೋಡೆಗೆ ಕೆಂಪು ಅದೊಂದೇ.

ಅಕ್ಷರ ದಪ್ಪ ಬಂದಿದೆ, ಮಣಿಕಟ್ಟು ನೋವು. ಅತ್ತೆ ಚೆನ್ನಾಗಿದ್ದಾಳೆ.

ಮಾವ


ಜನವರಿ ೨೮

ಮಾವ,

ತಲೆ ಉದ್ದ ಮಾಡಿಬಿಟ್ಟಿದ್ದೇನೆ. ನಿಮ್ಮ ಕಾಗದ ಬರುವ ಮೊದಲೇ ಮಾಡಿದೆ, ಬೈಯಿರಿ. ಆದರೆ ನಿನ್ನೆ ಗಾಲಿಕುರ್ಚಿಯಲ್ಲಿ ಬಂದ ಅಜ್ಜಿಯೊಬ್ಬಳು ಕತ್ತೆತ್ತಿ ನೋಡಿ, "ಈ ಹುಡುಗಿ ನನ್ನನ್ನೇ ನೋಡ್ತಾಳಲ್ಲ, ಯಾರ ಮನೆಯವಳು?" ಎಂದಳು. ಗಲ್ಲ ನೋಡಿ ಯಾರೂ ಹಾಗೆ ಕೇಳುವುದಿಲ್ಲ.

ಕೆಂಪಂಗಿ ಅಷ್ಟೆತ್ತರದಲ್ಲಿ ಎಲ್ಲೋ ಕಳೆದುಹೋದಂತೆ ಕಂಡಿತು. ಎರಡರಷ್ಟು ಮಾಡಿದ್ದೇನೆ.

ಎರಡು ಮತ್ತು ಮೂರು ಒಂದೇ ಎಂದಿರಿ. ಇರಬಹುದು. ಮತ್ತೆ ಕಲಸಿ ಕಳಿಸುತ್ತೇನೆ.

ಇನ್ನೊಂದು ಮಾತು. ಗೋಡೆಯ ಪಕ್ಕಕ್ಕೆ ಹಿತ್ತಾಳೆ ಫಲಕ ಮಾಡಿಸುತ್ತಾರಂತೆ. ಇಲ್ಲಿಯ ಆಡಳಿತ ನೋಡಿಕೊಳ್ಳುವ ಮೇಡಂ ಬಂದು, "ಯಾರ ಹೆಸರು ಹಾಕಿಸೋಣ?" ಎಂದರು. ನಿಮ್ಮ ಹೆಸರು ಹೇಳಿದೆ. "ಸರಿ, ನಿಮ್ದು?" ಎಂದರು. ಮಾವನನ್ನು ಕೇಳಿ ಹೇಳುತ್ತೇನೆ ಎಂದೆ.

ಕೇಳುತ್ತಿದ್ದೇನೆ.

ಇರುವೆ


ಫೆಬ್ರವರಿ ೫

ಇರುವೆ,

ನಿನಗೆ ಏನಾಗಿದೆ? ತಲೆ ಮುಟ್ಟಬೇಡ ಎನ್ನುವುದರೊಳಗೆ ತಲೆ ಎಳೆದಾಯಿತು. ಅಂಗಿ ಅಳತೆ ಮೀರಬಾರದು ಎಂದರೆ ಎರಡರಷ್ಟು. ಮೂಗಿಗಿಂತ ಮೂಗುತಿ ಭಾರವಾಯಿತಲ್ಲೇ! ಕೆಂಪು ಕರೆಯದೆ ಬರುವ ನೆಂಟ. ಒಂದು ಮಣೆ ಕೊಟ್ಟರೆ ಮನೆಯೆಲ್ಲ ಅವನದೇ. ಅಂಗಿಯನ್ನು ಕೂಡಲೇ ಚಿಕ್ಕದು ಮಾಡು.

ಹೆಸರಿನ ಮಾತು. ಗೆರೆ ಎಳೆದವರದು, ಡಬ್ಬಿ ತೊಳೆದವರದು, ಸಾರುವೆ ಕಟ್ಟಿದವರದು ಎಂದು ಹೆಸರು ಬರೆಯುತ್ತ ಹೋದರೆ ಚಿತ್ರಕ್ಕೆ ಜಾಗವೆಲ್ಲಿ? ನಿನ್ನ ಕೈಗೆ ಕುಂಚ ಕೊಟ್ಟು ಹತ್ತೊಂಬತ್ತು ವರ್ಷವಾಯಿತು, ಅಷ್ಟು ದಿನ ಇಲ್ಲದ ಆಸೆ ಈಗ ಯಾರು ಹಚ್ಚಿದರು? ಆ ಮೇಡಮ್ಮೇ?

ನೀಲಿಗೆ ಸರಿಯಾಗಿ ಕೇಳಿಕೋ. ನೀರಿಗೆ ಅಚ್ಚ ನೀಲಿ, ಡಬ್ಬಿಯಿಂದ ತೆಗೆದದ್ದು ತೆಗೆದ ಹಾಗೆ. ಬಿಳಿ ಒಂದು ಹನಿಯೂ ಬೇಡ. ನೆರಳಿಗೆ ನೇರಳೆ, ದಪ್ಪಗೆ, ಎರಡು ಸಲ. ಆಕಾಶಕ್ಕೂ ಅದೇ. ಸ್ವಂತ ಬುದ್ಧಿ ಖರ್ಚು ಮಾಡಬೇಡ. ಕಣ್ಣು ನನ್ನದು, ಕೈ ನಿನ್ನದು. ಕೈ ಯೋಚನೆ ಮಾಡಬೇಕಾಗಿಲ್ಲ.

ಮಾವ


ಫೆಬ್ರವರಿ ೧೩

ಮಾವ,

ಅಂಗಿಯ ವಿಚಾರದಲ್ಲಿ ನೀವು ಹೇಳಿದ್ದೇ ಸರಿ. ಬಾಗಿಲಲ್ಲಿ ಕಾಲಿಟ್ಟವರೆಲ್ಲ ಅಂಗಿಯನ್ನೇ ನೋಡಿ ಕೂತುಬಿಡುತ್ತಿದ್ದರು, ಹೊಳೆಯ ಕಡೆ ಯಾರ ಕಣ್ಣೂ ಹೋಗುತ್ತಿರಲಿಲ್ಲ. ಮೊದಲಿನ ಅಳತೆಗೆ ತಂದೆ. ಈಗ ಹೊಳೆ, ಜನ, ಆಚೆ ದಡ ಎಲ್ಲ ನೋಡಿ ಸಾಕಾದ ಮೇಲೆ ಅಂಗಿ ಸಿಗುತ್ತದೆ. ನೂರಾರು ಮೈಲಿ ದೂರದಲ್ಲಿ ಕೂತು ಇದು ನಿಮಗೆ ಹೇಗೆ ಗೊತ್ತಾಯಿತೋ.

ನೀಲಿಯನ್ನು ನೀವು ಹೇಳಿದ ಹಾಗೇ ಕಲಸಿದ್ದೇನೆ. ಚೀಟಿ ಇಟ್ಟಿದ್ದೇನೆ, ನೋಡಿ.

ಇತಿ,
ಕೈ


ಫೆಬ್ರವರಿ ೨೧

ಇರುವೆ,

ನೋಡು, ಇದು ನೀಲಿ! ಇದನ್ನೇ ನಾನು ಒಂದು ತಿಂಗಳಿಂದ ಬಡಿದುಕೊಂಡಿದ್ದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಬಣ್ಣ ಸರಿಯಿಲ್ಲ ಗೋಡೆ ಸರಿಯಿಲ್ಲ ಎಂದು ಆಡಿಸಿದೆ. ಹೇಳಿದ್ದು ಕೇಳಿದ ಕೂಡಲೇ ನೀರು ನೀರಾಯಿತೋ ಇಲ್ಲವೋ?

ಈ ಚೀಟಿಯನ್ನೂ ಮೊದಲ ಸಲದ ಎರಡನೆಯ ನಂಬರಿನ ಕೊಚ್ಚೆ ಚೀಟಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದೇನೆ. ದೊಡ್ಡವರ ಮಾತು ಕೇಳಿದರೆ ಏನಾಗುತ್ತದೆ, ಕೇಳದಿದ್ದರೆ ಏನಾಗುತ್ತದೆ ಎಂದು ಬಂದವರಿಗೆಲ್ಲ ತೋರಿಸುತ್ತೇನೆ.

"ಕೈ" ಎಂದು ರುಜು ಹಾಕಿದ್ದೀಯೆ. ತಮಾಷೆ ಇರಲಿ, ಕೊಬ್ಬು ಬೇಡ.

ಮಾವ


ಮಾರ್ಚ್ ೧೦

ಮಾವ,

ಗೋಡೆ ಹೆಚ್ಚು ಕಡಿಮೆ ಮುಗಿಯಿತು. ಆಚೆ ದಡದ ಹುಲ್ಲಿಗೆ ಇನ್ನೆರಡು ದಿನ ಬೇಕು. ಇಪ್ಪತ್ತನೆಯ ತಾರೀಖು ಫಲಕ ಕೂರಿಸುತ್ತಾರಂತೆ. ಮೇಡಂ ಮತ್ತೆ ಕೇಳಿದರು. ನಾನು ಮತ್ತೆ ಕೇಳುತ್ತಿದ್ದೇನೆ. ಬೇಡ ಎನ್ನುವುದಾದರೆ ಬೇಡ ಎಂದೇ ಬರೆಯಿರಿ. ನೀಲಿ ಒಪ್ಪಿ ನೀವು ಬರೆದ ಮೇಲೆ ನಾನು ಹಾಕಿದ ಎರಡು ಕಾಗದಕ್ಕೂ ಉತ್ತರವಿಲ್ಲ.

ಅತ್ತೆಗೆ ಫೋನು ಮಾಡಿದೆ. "ಮಾವ ಮಲಗಿದ್ದಾರೆ" ಎಂದರು. ಬೆಳಿಗ್ಗೆ ಹತ್ತು ಗಂಟೆಗೆ!

ಇರುವೆ


ಮಾರ್ಚ್ ೨೫

ಮಾವ,

ಫಲಕ ಕೂರಿಸಿದರು. ನಿಮ್ಮ ಹೆಸರೊಂದೇ, ಗೇಣುದ್ದದ ಅಕ್ಷರಗಳಲ್ಲಿ. ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹೆಸರು ಕೇಳಿದ ತಪ್ಪಿಗೆ ನನ್ನ ಮುಖಕ್ಕೆ ಬಾಗಿಲು ಹಾಕಿಕೊಂಡಿದ್ದೀರಿ. ಒಂದು ತಿಂಗಳು! ಮನೆಯ ನಾಯಿ ಓಡಿಹೋದರೂ ಇಷ್ಟು ದಿನಕ್ಕೆ ಯಾರಾದರೂ ಒಮ್ಮೆ ಹೆಸರು ಹಿಡಿದು ಕೂಗುತ್ತಾರೆ. ಸರಿ, ನಾನೂ ಇನ್ನು ಬಾಯಿ ಕಟ್ಟಿಕೊಳ್ಳುವುದಿಲ್ಲ.

ನಿಮಗೆ ನೀಲಿ ಕಾಣುವುದಿಲ್ಲ, ಮಾವ.

ಮೊದಲು ಕಳಿಸಿದ ಮೂರನೆಯ ಚೀಟಿ ನೀಲಿಯೇ ಅಲ್ಲ, ಪಾಚಿ ಹಸಿರು. ಬೇಕೆಂದೇ ಇಟ್ಟಿದ್ದೆ. ನೀವು ಎರಡೂ ಒಂದೇ ಎಂದಿರಿ. ಆಮೇಲೆ ಕಳಿಸಿದ ಚೀಟಿ, ನೀವು "ಇದು ನೀಲಿ" ಎಂದು ಕುಣಿದಾಡಿದ್ದು, ಮೊದಲು ಕೊಚ್ಚೆ ಎಂದ ಅದೇ ಎರಡನೆಯ ನಂಬರು. ಅದೇ ಡಬ್ಬಿ, ಅದೇ ಕುಂಚ. ಗೋಡೆಯ ಮೇಲಿರುವುದೂ ಅದೇ. ನಿಮ್ಮ ಅಚ್ಚ ನೀಲಿ, ದಪ್ಪ ನೇರಳೆ ಒಂದು ಹನಿಯೂ ಹಾಕಿಲ್ಲ.

ಇದು ಇವತ್ತಿನದಲ್ಲ. ನಾಲ್ಕು ವರ್ಷವಾಯಿತು. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಆ ಉದ್ದನೆಯವನು, ಏಣಿ ಎಂದು ಕರೆಯುತ್ತಿದ್ದೆವಲ್ಲ, ಅವನು ಒಂದು ದಿನ ಬಾಯಿಬಿಟ್ಟ. "ಸಾರ್, ಆಕಾಶ ಯಾಕೋ ಕಂದು ಆಗಿದೆ." ನೀವು ಡಬ್ಬಿ ಎತ್ತಿ ಎಸೆದಿರಿ. ಹನ್ನೆರಡು ವರ್ಷ ದುಡಿದವನು ಮೈತುಂಬ ಬಣ್ಣ ಸುರಿಸಿಕೊಂಡು ಮನೆಗೆ ಹೋದ. ನೀವು ಮತ್ತೆ ಕರೆಯಲಿಲ್ಲ, ಅವನು ಮತ್ತೆ ಬರಲಿಲ್ಲ. ಅವತ್ತೇ ನಾನೂ ಅತ್ತೆಯೂ ಬಾಯಿಗೆ ಬೀಗ ಹಾಕಿಕೊಂಡೆವು. ಅಂದಿನಿಂದ ಮಧ್ಯಾಹ್ನ ನೀವು ಮಲಗಿದಾಗ ನಿಮ್ಮ ಚಿತ್ರಗಳ ಆಕಾಶ, ನೀರು, ನೆರಳು ಎಲ್ಲ ನಾನೇ ತಿದ್ದುತ್ತಿದ್ದೆ. ನೀವು ಎದ್ದು ಬಂದು ನೋಡಿ "ಪರವಾಗಿಲ್ಲ, ಒಣಗಿದ ಮೇಲೆ ಚೆನ್ನಾಗಿ ಬಂತು" ಎನ್ನುತ್ತಿದ್ದಿರಿ.

ಈಗ ಹೇಳಿ. ಕಣ್ಣು ಯಾರದು?


ಏಪ್ರಿಲ್ ೮

ಇರುವೆ,

ನಿನ್ನ ಕಾಗದ ಬಂದಾಗ ನನ್ನ ಎರಡನೆಯ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಮೊದಲನೆಯದಕ್ಕೆ ಓದುವ ಕನ್ನಡಕ ಇನ್ನೂ ಬಂದಿರಲಿಲ್ಲ. ಅತ್ತೆ ಒಡೆದು ಓದಿಕೊಂಡಳು. "ಏನು ಬರ್ದಿದಾಳೆ?" ಎಂದೆ. "ಕ್ಷೇಮವಂತೆ, ಗೋಡೆ ಮುಗೀತಂತೆ" ಎಂದಳು. ನಿನ್ನೆ ಔಷಧಿ ಡಬ್ಬಿಯ ತಳದಲ್ಲಿ ಸಿಕ್ಕಿತು.

ನಿನ್ನ ಹೆಸರಿನ ಮೇಲಿನ ಸಿಟ್ಟಿಗೆ ನಾನು ಸುಮ್ಮನಿದ್ದೆ ಎಂದುಕೊಂಡೆಯಾ? ಆ ಚೀಟಿಗಳನ್ನು ಮೇಜಿನ ಮೇಲೆ ಇಟ್ಟು ಬಂದವರಿಗೆ ತೋರಿಸುತ್ತಿದ್ದೆ. ಔಷಧಿ ಅಂಗಡಿಯವನು ಬಂದ. ನೋಡಿ, "ಎರಡೂ ಒಂದೇ ಅಲ್ವಾ ಸಾರ್?" ಎಂದ. ಪೆದ್ದ ಎಂದುಕೊಂಡೆ. ಅತ್ತೆಯನ್ನು ಕರೆದು ಕೇಳಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ಸಾಕು. ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಪೊರೆ ಕಂದು ತಿರುಗಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರು. ಚಿತ್ರ ಬರೆಯುತ್ತಿದ್ದೆ! ನಿನಗೆ ತಿಳಿಸಲಿಲ್ಲ. ತಿಳಿಸಿದರೆ ಓಡಿ ಬರುತ್ತೀಯೆ, ಗೋಡೆ ಅರ್ಧಕ್ಕೆ ನಿಲ್ಲುತ್ತದೆ ಎಂದು. ಅದು ಅರ್ಧ ನಿಜ. ಉಳಿದರ್ಧ ನಾಚಿಕೆ.

ಒಂದು ಕಣ್ಣಿನ ಆಪರೇಷನ್ ಆಗಿ ಇನ್ನೊಂದು ಆಗದೆ ಇದ್ದ ಮೂರು ವಾರ ನಾನು ಏನು ಮಾಡಿದೆ ಗೊತ್ತೇ? ಈ ಕಣ್ಣು ಮುಚ್ಚಿದರೆ ಸುಣ್ಣದ ಗೋಡೆ ಚಹಾದ ಬಣ್ಣ, ಆ ಕಣ್ಣು ಮುಚ್ಚಿದರೆ ಅದೇ ಗೋಡೆ ಹಾಲು. ಮನೆಯಲ್ಲಿರುವ ಹನ್ನೊಂದು ಚಿತ್ರಗಳನ್ನೂ ಕೆಳಗಿಳಿಸಿ ಸಾಲಾಗಿ ಒರಗಿಸಿದೆ. ಒಂದೊಂದು ಕಣ್ಣು ಮುಚ್ಚಿ ನೋಡಿದೆ. ನಾಲ್ಕು ಚಿತ್ರ ಚಹಾ ಸೋಸಿ ಉಳಿದ ಚರಟದ ಹಾಗಿವೆ. ಅವು ಏಣಿ ಹೋಗುವ ಮೊದಲಿನವು, ನನ್ನವು. ಏಳು ಚೆನ್ನಾಗಿವೆ. ಆ ಏಳರ ನೀಲಿ ಯಾರದೆಂದು ಆಗ ತಿಳಿದಿರಲಿಲ್ಲ. ಈಗ ನಿನ್ನ ಕಾಗದ ಓದಿ ತಿಳಿಯಿತು.

ಥೂ ನಿಮ್ಮ!

ಏಣಿ ಒಬ್ಬನೇ ಗಂಡಸು. ನನ್ನ ಮುಖಕ್ಕೆ ಹೇಳಿದ, ಡಬ್ಬಿ ತಿಂದ, ಹೋದ. ನೀನು? ನಾಲ್ಕು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದೆ. "ಮಾವ, ಒಮ್ಮೆ ಡಾಕ್ಟರಿಗೆ ತೋರಿಸಿ" ಎಂಬ ಒಂದು ಮಾತು, ಅರ್ಧ ಗಂಟೆಯ ಆಪರೇಷನ್, ಅಷ್ಟೇ ಬೇಕಾಗಿದ್ದದ್ದು. ನನ್ನ ನಾಲ್ಕು ವರ್ಷ ಯಾರು ವಾಪಸು ಕೊಡುತ್ತಾರೆ? ಕುರುಡನ ಕೈ ಹಿಡಿದು ನಡೆಸುವುದು ಬೇರೆ. ಅವನು ಕುರುಡನೆಂದು ಅವನಿಗೇ ತಿಳಿಯದ ಹಾಗೆ ನಡೆಸುವುದಕ್ಕೆ ಕುಣಿಸುವುದು ಎನ್ನುತ್ತಾರೆ. ಕುಣಿದೆನಲ್ಲ, ಸಂತೋಷವಾಯಿತೇ?


ಏಪ್ರಿಲ್ ೧೬

ಮಾವ,

ಆಪರೇಷನ್ ಚೆನ್ನಾಗಿ ಆಯಿತು ಎಂದು ಓದಿ ಕಾಗದ ಕೆಳಗಿಟ್ಟೆ. ಅತ್ತುಬಿಟ್ಟೆ. ಆಮೇಲೆ ಉಳಿದದ್ದನ್ನು ಓದಿ ಸಿಟ್ಟು ನೆತ್ತಿಗೇರಿತು.

ಏಣಿಯನ್ನು ಈಗ ಹೊಗಳುತ್ತಿದ್ದೀರಿ. ಅವನು ಈಗ ಅಂಗಡಿಗಳ ಬಾಗಿಲಿಗೆ ನಂಬರು ಬರೆಯುತ್ತಾನೆ. ಒಮ್ಮೆಯಾದರೂ ಅವನ ಮನೆಗೆ ಹೋಗಿದ್ದೀರಾ? ನಿಜ ಹೇಳಿದವರ ಗತಿ ಏನೆಂದು ತೋರಿಸಿಕೊಟ್ಟು, ಆಮೇಲೆ ಯಾಕೆ ನಿಜ ಹೇಳಲಿಲ್ಲ ಎಂದು ಕೇಳಿದರೆ ಹೇಗೆ?

ಆದರೆ ಭಯವೊಂದೇ ಅಲ್ಲ. ಇದನ್ನು ಅತ್ತೆಗೂ ಹೇಳಿಲ್ಲ. ನಿಮಗೆ ಹೇಳದೆ ಉಳಿದದ್ದಕ್ಕೆ ನನ್ನ ಆಸೆಯೂ ಕಾರಣ. ಮಧ್ಯಾಹ್ನದ ಆ ಎರಡು ಗಂಟೆ ಆ ಮನೆಯಲ್ಲಿ ಚಿತ್ರ ಬರೆಯುವವಳು ನಾನಾಗಿದ್ದೆ. ಯಾವ ನೀರಿಗೆ ಎಷ್ಟು ನೀಲಿ ಎಂದು ನಾನೇ ಯೋಚಿಸುತ್ತಿದ್ದೆ, ನಾನೇ ಕಲಸುತ್ತಿದ್ದೆ. ನಿಮ್ಮ ಕಣ್ಣು ಸರಿಹೋದರೆ ನಾನು ಮತ್ತೆ ಗೆರೆ ಎಳೆಯುವವಳು, ಡಬ್ಬಿ ತೊಳೆಯುವವಳು. ಡಾಕ್ಟರ ಮಾತು ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ನುಂಗಿದೆ. ತಪ್ಪು ನನ್ನದು. ಕೈ ಮುಗಿದು ಹೇಳುತ್ತೇನೆ, ತಪ್ಪು ನನ್ನದು.

ಆದರೆ ಮಾವ, ಮೂವತ್ತಾರು ವರ್ಷದವಳಿಗೆ ಕದ್ದು ಚಿತ್ರ ಬರೆಯುವುದೊಂದೇ ದಾರಿ ಬಿಟ್ಟವರು ನೀವು. ಬಾಗಿಲು ತೆರೆದಿಟ್ಟಿದ್ದರೆ ನಾನು ಯಾಕೆ ಕಿಟಕಿಯಿಂದ ಬರುತ್ತಿದ್ದೆ?


ಮೇ ೪

ಇರುವೆ,

ಹೋದ ಮಂಗಳವಾರ ಅತ್ತೆಗೂ ಹೇಳದೆ ಬಸ್ಸು ಹತ್ತಿ ನಿನ್ನ ಆಸ್ಪತ್ರೆಗೆ ಹೋಗಿದ್ದೆ. ನೀನು ಮಕ್ಕಳ ವಾರ್ಡಿನ ಬಾಗಿಲುಗಳನ್ನೂ ಬಳಿಯಲು ಉಳಿದಿದ್ದೀಯಂತೆ, ಅದಕ್ಕೆ ಬಣ್ಣ ತರಲು ಹೋಗಿದ್ದೀಯೆ ಎಂದರು. ಒಳ್ಳೆಯದೇ ಆಯಿತು. ಎದುರಿಗೆ ಸಿಕ್ಕಿದ್ದರೆ ಏನು ಮಾತಾಡುತ್ತಿದ್ದೆನೋ.

ಬಾಗಿಲಲ್ಲಿ ಕೂತ ಗುಮಾಸ್ತ ನನ್ನ ಕಪ್ಪು ಕನ್ನಡಕ ನೋಡಿ ಟೋಕನ್ ಕೊಟ್ಟ. ನೂರಾ ಹದಿನಾಲ್ಕು. ಹಿಡಿದುಕೊಂಡು ಬೆಂಚಿನ ಮೇಲೆ ಕೂತೆ. ನಂಬರು ಕೂಗಿದಾಗ ಎದ್ದು ನಿಂತು ಮತ್ತೆ ಕೂತೆ. ಪಕ್ಕದವನು "ಹೋಗಿ ಯಜಮಾನರೇ, ಭಯ ಪಡ್ಬೇಡಿ" ಎಂದ.

ತಲೆ ನೀನು ಮಾಡಿದ್ದೇ ಸರಿ. ನಾನು ಮೂವತ್ತು ಅಂಗುಲದಲ್ಲಿ ಕೂತು ನೋಡಿದೆ, ನೀನು ಇಪ್ಪತ್ತೆರಡು ಅಡಿಯ ಕೆಳಗೆ ಕೂತು ನೋಡಿದೆ. ನೀರೂ ಸರಿ. ನಾನು ಹೇಳಿದ ಹಾಗೆ ಬಳಿದಿದ್ದರೆ ಆ ಜನ ಹೊಳೆ ದಾಟುತ್ತಿರಲಿಲ್ಲ, ಮುಳುಗುತ್ತಿದ್ದರು. ಮೂರು ಗಂಟೆ ಕೂತಿದ್ದೆ. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಹುಡುಕುತ್ತಿದ್ದೆ. ಹೊಟ್ಟೆ ಉರಿದುಹೋಯಿತು. ಹೊಸ ಕಣ್ಣಿಗೆ ಮೊದಲು ಕಂಡ ಒಳ್ಳೆಯ ಚಿತ್ರ ನನ್ನದಾಗಿರಬೇಕಿತ್ತು.

ಅಲ್ಲಿಂದ ಎದ್ದು ಆ ಮೇಡಂ ಕೋಣೆಗೆ ಹೋಗಿ ಫಲಕ ತೆಗೆಸಿದೆ. "ಯಾಕೆ ಸಾರ್?" ಎಂದರು. ಸುಳ್ಳು ಬರೆದಿದೆ ಎಂದೆ. ನನ್ನದಲ್ಲದ ನೀಲಿಯ ಪಕ್ಕ ನನ್ನ ಹೆಸರು ಬೇಡ. ನೀನು ಏನು ಬೇಕಾದರೂ ಬರೆಸಿಕೋ.

ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಿತೆಂದು ತಿಳಿಯಬೇಡ. ನಿನ್ನ ಆಸೆಗೆ ನನ್ನ ನಾಲ್ಕು ವರ್ಷ ಹೋಯಿತು. ನನ್ನ ಜಂಬಕ್ಕೆ ನಿನ್ನ ಹತ್ತೊಂಬತ್ತು. ಈ ಸಲ ಅಕ್ಷರ ಸಣ್ಣಗೆ ಬಂದಿದೆ, ನೋಡು. ಮೊದಲು ದಪ್ಪ ಬಂದದ್ದು ಮಣಿಕಟ್ಟಿನ ನೋವಿಗಲ್ಲ.

ಏಣಿಯ ಮನೆಗೆ ಹೋಗಿದ್ದೆ. ಬಾಗಿಲು ತೆರೆದ, ಒಳಗೆ ಕರೆಯಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಕರೆಯುತ್ತಿರಲಿಲ್ಲ.

ಇದರ ಜೊತೆ ಒಂದು ಚಿಕ್ಕ ಚಿತ್ರ ಇದೆ. ನಮ್ಮ ಕಿಟಕಿ, ಪಕ್ಕದಲ್ಲಿ ಅತ್ತೆ. ಆಪರೇಷನ್ ಆದ ಮೇಲೆ ಬರೆದ ಮೊದಲನೆಯದು. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಅತ್ತೆಯೂ ಅದನ್ನೇ ಹೇಳುತ್ತಾಳೆ. ನನಗೆ ಯಾರ ಮೇಲೂ ನಂಬಿಕೆ ಉಳಿದಿಲ್ಲ.

ನೀನು ಹೇಳು.

ಮಾವ


ಮೇ ೨೧

ಮಾವ,

ಬಣ್ಣ ತೆಗೆದುಕೊಂಡು ಬಂದಾಗ ಗೋಡೆಯಲ್ಲಿ ನಾಲ್ಕು ಮೊಳೆಯ ತೂತು ಮಾತ್ರ ಇದ್ದವು. ಬಂದವರು ನನಗೊಂದು ಮಾತು ಹೇಳದೆ ಹೋದಿರಿ. ಹೆಸರು ತೆಗೆಸಿದ್ದು ನನಗೆ ಕೊಟ್ಟ ಉಡುಗೊರೆಯೋ, ಕೆನ್ನೆಗೆ ಕೊಟ್ಟ ಏಟೋ? ಎರಡೂ ಇರಬಹುದು, ನೀವು ಯಾವುದನ್ನೂ ಬಿಡಿಬಿಡಿಯಾಗಿ ಕೊಟ್ಟವರಲ್ಲ. ಆ ಹೊಳೆ ದಾಟುವ ಜನರನ್ನು ಕಂಡವರು ನೀವು. ಅಂಗಿಯ ಅಳತೆ ನಿಮ್ಮದು. ಅದನ್ನು ನಾನೊಬ್ಬಳೇ ಹೊತ್ತುಕೊಂಡರೆ ನಾನೂ ಅದೇ ಸುಳ್ಳಿನವಳಾಗುತ್ತೇನೆ. ಹೊಸ ಫಲಕ ಮಾಡಿಸಿದೆ. ಚಿತ್ರ ಎಂದು ನಿಮ್ಮ ಹೆಸರು, ಬಣ್ಣ ಮತ್ತು ಗೋಡೆ ಎಂದು ನನ್ನದು. ಎರಡಕ್ಕೂ ಒಂದೇ ಅಳತೆಯ ಅಕ್ಷರ. ನಿಮ್ಮನ್ನು ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ. ಮುಂದಿನ ಗೋಡೆ ನನಗೇ ಸಿಕ್ಕಿದೆ, ಒಂದು ಶಾಲೆಯದು. ಚಿತ್ರವೂ ನನ್ನದೇ.

ಈಗ ನೀವು ಕೇಳಿದ್ದಕ್ಕೆ ಉತ್ತರ. ಇದನ್ನು ಬರೆಯುವ ಮೊದಲು ಎರಡು ಕಾಗದ ಹರಿದು ಹಾಕಿದ್ದೇನೆ.

ಚಿತ್ರ ಚೆನ್ನಾಗಿಲ್ಲ, ಮಾವ.

ಕಿಟಕಿಗೆ, ಗೋಡೆಗೆ, ನೆಲಕ್ಕೆ, ಅತ್ತೆಯ ಕೂದಲಿಗೆ, ಕಂಡಕಂಡದ್ದಕ್ಕೆಲ್ಲ ನೀಲಿ ಸುರಿದಿದ್ದೀರಿ, ಬಹಳ ದಿನ ಉಪವಾಸ ಇದ್ದವನು ಊಟಕ್ಕೆ ಕೂತ ಹಾಗೆ. ಎಲ್ಲೆಲ್ಲೂ ನೀಲಿಯಾದರೆ ಎಲ್ಲೂ ನೀಲಿ ಕಾಣುವುದಿಲ್ಲ. ಅತ್ತೆಯ ಮುಖ ಕಿಟಕಿಗಿಂತ ದೊಡ್ಡದಾಗಿದೆ, ಕೈ ಮಾತ್ರ ಮಗುವಿನ ಕೈಯಷ್ಟಿದೆ. ನಿಮಗೆ ಮೂವತ್ತೆಂಟು ವರ್ಷ ಅನ್ನ ಹಾಕಿದ ಕೈ ಅದು, ಅಷ್ಟು ಚಿಕ್ಕದೇ? ಎಡಗಡೆ ಬಾಗಿಲ ಹಿಂದಿನ ನೆರಳು ಒಂದೇ ನಿಜ. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ನಾನು ಈವರೆಗೆ ಅಂಥ ನೆರಳು ಹಾಕಿಲ್ಲ. ಅದನ್ನು ಉಳಿಸಿಕೊಂಡು ಮಿಕ್ಕದ್ದೆಲ್ಲ ಕೆರೆದು ಮತ್ತೆ ಬರೆಯಿರಿ.

ಬೈಯುವುದಿದ್ದರೆ ಬೈದು ಬರೆಯಿರಿ. ಎಸೆದ ಡಬ್ಬಿ ಇಲ್ಲಿಯವರೆಗೆ ಬರುವುದಿಲ್ಲ.

ಚಿತ್ರವನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಮೂರು ದಿನ ನನ್ನ ಮೇಜಿನ ಮೇಲಿತ್ತು. ನೀಲಿ ಕಲಸಿದ ಬಟ್ಟಲು ಪಕ್ಕದಲ್ಲೇ ಇತ್ತು, ಕುಂಚ ಕೈಯಲ್ಲೇ ಇತ್ತು.

ಮುಟ್ಟಿಲ್ಲ.

ಇರುವೆ